ಗಚ್ಚಿ ಮ್ಯಾಲಿನ ಸಂಸಾರ

ಧಾರವಾಡದಾಗ ಮನಿ ಬಾಡಗಿಗೆ ಕೊಡೋರು ಕೇಳೋ ಪ್ರಶ್ನೆ ಎಲ್ಲಾ ಓಣ್ಯಾಗೂ ಒಂದ. ಊರು ಯಾವುದ್ರಿ? ಮಂದಿ ಎಷ್ಟು? ರಾತ್ರಿ ಎಷ್ಟಕ್ಕ ಬರ್ತೀರಿ? ಕುಡಿಯೋ ಚಟಾ ಅದ ಏನು? ಗಿಡಾ ಹಚ್ಚೋ ಚಟಾ ಅದ ಏನು ಅಂತ ಮಾತ್ರ ಯಾರೂ ಕೇಳಂಗಿಲ್ಲ. ಕುಡಿಯೋ ಚಟಾ ಇದ್ದಾಂವ ಕುಡದು ಮಲಗತಾನ, ಮುಗೀತು. ಗಿಡಾ ಹಚ್ಚೋ ಚಟಾ ಇದ್ದಾಂವ ಮುಂಜಾನೆ ಐದೂವರಿಗೆ ಎದ್ದು ನಿಮ್ಮ ತಲಿ ಮ್ಯಾಲ ಮಣ್ಣಿನ ಚೀಲಾ ಎಳದಾಡತಾನ.

ಮಾಳಮಡ್ಡ್ಯಾಗ ನಮ್ಮ ಮನಿ ಮ್ಯಾಲಿನ ಅಂತಸ್ತಿಗೆ ಬಂದಿರೋ ಜೋಡಿ ಹಂಥಾದ್ದು. ಲಗ್ನ ಆಗಿ ಇನ್ನೂ ವರ್ಷ ತುಂಬಿಲ್ಲ. ಅಂವ ನವಲಗುಂದ ಕಡೆ ಒಕ್ಕಲತನದ ಮನಿಯಂವ. ಸೋಮವಾರ ಒಪ್ಪತ್ತು, ಹಣಿ ಮ್ಯಾಲ ಇಭೂತಿ. ದಿನಾ ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ನೌಕರಿಗೆ ಹೋಗತಾನ. ಅಕಿ ವಿಜಯಪುರದ ವೈಷ್ಣವರ ಮನಿಯಾಕಿ. ಏಕಾದಶಿ ಯಾವಾಗ ಬರ್ತದ ಅಂತ ಬಾಯಿಪಾಠ ಹೇಳತಾಳ, ಉಪವಾಸ ಮಾಡ್ತಾಳೋ ಇಲ್ಲೋ ಅನ್ನೋದು ಪಾರ್ಸಲ್ ತರೋ ಹುಡುಗಗ ಗೊತ್ತು. ಬೆಂಗಳೂರಿನ ಕಂಪನಿ ಕೆಲಸಾ ನಮ್ಮ ಮ್ಯಾಲಿನ ಖೋಲ್ಯಾಗ ಕೂತು ಮಾಡ್ತಾಳ. ಎರಡೂ ಮನಿಯವರು ಒಪ್ಪಲಿಲ್ಲ ಅಂತ ಸ್ಪೆಷಲ್ ಮ್ಯಾರೇಜ್ ಆ್ಯಕ್ಟಿನ್ಯಾಗ ಲಗ್ನ ಆದ್ರು. 1954ರ ಕಾಯ್ದೆ ಅದು. 30 ದಿವಸ ಮೊದಲ ನೋಟಿಸ್ ಕೊಡಬೇಕು, ಮೂರು ಮಂದಿ ಸಾಕ್ಷಿ ಸಹಿ ಮಾಡಬೇಕು, ಆತು. ಬುಂದೇ ಉಂಡಿ ಇಲ್ಲಾ, ಬೀಗರ ಸಿಟ್ಟು ಇಲ್ಲಾ, ಛತ್ರದಾಗ ಯಾರದೂ ಚಪ್ಪಲಿ ಕಳಿಲಿಲ್ಲಾ. ‘ಇದಕ್ಕೂ ಲಗ್ನ ಅಂತಾರೇನ್ರಿ?’ ಅಂತ ನಮ್ಮಾಕಿ ಇವತ್ತಿಗೂ ಕೇಳತಾಳ.

ಹಾಲಿನ ಗ್ವಾಡಿ ಮ್ಯಾಲ ಅಂವ ಸಿದ್ಧಾರೂಢ ಅಜ್ಜನ ಫೋಟೋ ಹಾಕ್ಯಾನ, ಬಾಜೂಕ ಅಕಿ ಮಂತ್ರಾಲಯದ ರಾಯರ ಫೋಟೋ ಹಾಕ್ಯಾಳ. ಒಂದ ಮೊಳಿ ಅಂತರ. ಫೋಟೋದಾಗಿನವರು ಜಗಳಾಡಿದ್ದು ನಾ ಕೇಳಿಲ್ಲ. ಫೋಟೋ ಹಾಕಿದವರು ಆಡತಾರ. ಅದೂ ಧರ್ಮದ ಮ್ಯಾಲ ಅಲ್ಲ, ಮೆಣಸಿನ ಗಿಡದ ಬುಡಕ್ಕ ಎಷ್ಟು ನೀರು ಹಾಕಬೇಕು ಅನ್ನೋದರ ಮ್ಯಾಲ.

ಶರದೃತು ಆಶ್ವೀಜದಾಗ ಶುರು ಆಗತದ ಅಂತ ಪಂಚಾಂಗ ಹೇಳತದ. ಧಾರವಾಡದಾಗ ಅದು ಸಪ್ಟೆಂಬರದ ಕೃಷಿ ಮ್ಯಾಳಕ್ಕ ಶುರು ಆಗಿ ಬಿಡತದ. 1947ರಾಗ ಕೃಷಿ ಕಾಲೇಜು ಅಂತ ಹುಟ್ಟಿ 1986ರಾಗ ವಿಶ್ವವಿದ್ಯಾಲಯ ಆದ ಜಾಗಾದಾಗ ಆ ಮ್ಯಾಳ ನಡೀತದ. ಲಾರಿ ತುಂಬ ರೈತರು ಬರ್ತಾರ, ಅವರ ಹಿಂದ ಊರ ಮಂದಿ ನಾವೂ ಹೋಗತೇವಿ. ನಮ್ಮದು ಮಿರ್ಚಿ-ಗಿರಮಿಟ್ಟು ತಿಂದು, ಟ್ರ್ಯಾಕ್ಟರ್ ಮುಂದ ನಿಂತು ಫೋಟೋ ಹೊಡಿಸಿಕೊಂಡು ಬರೋ ಕಾರ್ಯಕ್ರಮ. ಈ ಜೋಡೀನೂ ಅಷ್ಟಕ್ಕ ಹೋಗಿತ್ತು. ಬರೋವಾಗ ಆಟೋ ಮುಂದ ಅಂವ, ಹಿಂದ ಅಕಿ, ನಡುವ ಬದನಿ ಸಸಿ, ಮೆಣಸಿನ ಸಸಿ, ಬೀಜದ ಪಾಕೀಟು, ಎರೆಗೊಬ್ಬರ, ತೆಂಗಿನ ನಾರಿನ ಪುಡಿ ಇಟ್ಟಂಗಿ, ಮಡಚಿದ ಗ್ರೋ ಬ್ಯಾಗಿನ ಗಂಟು. ‘ಏನಿದು?’ ಅಂದೆ. ‘ಅಂಕಲ್, ಇಡೀ ದಿನಾ ಒಬ್ಬರು ಬಸ್ಸಿನ್ಯಾಗ, ಒಬ್ಬರು ಲ್ಯಾಪ್‌ಟಾಪಿನ್ಯಾಗ. ಸಂಜಿಮುಂದ ಗಚ್ಚಿ ಮ್ಯಾಲ ನಾವಿಬ್ಬರ ಇರೂಣು ಅಂತ. ಯಾರ ಕಟಿಪಿಟಿನೂ ಬ್ಯಾಡ. ನಾವ ಬೆಳಿಯೋದು, ನಾವ ತಿನ್ನೋದು’ ಅಂತ ಅಕಿ ಅಂದ್ಲು.

ನಾವ ಬೆಳಿಯೋದು, ನಾವ ತಿನ್ನೋದು! ಧಾರವಾಡದಾಗ ನಿಂತು ಈ ಮಾತು ಆಡಬೇಕಂದ್ರ ಒಂದೋ ಧೈರ್ಯ ಇರಬೇಕು, ಇಲ್ಲಾ ವಯಸ್ಸು ಸಣ್ಣದಿರಬೇಕು. ಇಲ್ಲೆ ಹೈಬ್ರಿಡ್ ಹತ್ತಿ ತಳಿ ಹುಟ್ಟಿಸಿದ ವಿಜ್ಞಾನಿಗಳ ಅದಕ್ಕ ವರಲಕ್ಷ್ಮಿ ಅಂತ ಹೆಸರಿಟ್ಟಾರ, ಮುಂದಿಂದಕ್ಕ ಜಯಲಕ್ಷ್ಮಿ ಅಂತ ಇಟ್ಟಾರ. ಪ್ರಯೋಗಶಾಲೆದಾಗ ಹುಟ್ಟಿದ ಹತ್ತಿನೂ ದೇವರ ಕೈಯಾಗಿಂದ ತಪ್ಪಿಸಿಕೊಳ್ಳಲಿಲ್ಲ, ಇನ್ನ ಗಚ್ಚಿ ಮ್ಯಾಲಿನ ಬದನಿಕಾಯಿ ತಪ್ಪಿಸಿಕೊಳ್ಳತದೇನು?

ಅವರ ಪಟ್ಟಿ ಮಾತ್ರ ದೇವರಿಗೆ ಗುರುತು ಸಿಗಬಾರದು ಅಂತನ ಮಾಡಿದಂಗಿತ್ತು. ಜುಕಿನಿ, ಬ್ರೊಕೊಲಿ, ಚೆರ್ರಿ ಟೊಮ್ಯಾಟೊ, ಇಟಲಿಯ ಬೇಸಿಲ್, ಆರುಗುಲಾ. ಈ ಆರುಗುಲಾ ಅಂದ್ರ ಸಲಾಡಿಗೆ ಹಾಕೋ ಒಂದು ಒಗರು-ಖಾರದ ತಪ್ಪಲ. ಅದನ್ನ ಬಿತ್ತಲಿಕ್ಕೆ ಜಾಗಾ ಬೇಕಂತ ನನ್ನ ಹಿತ್ತಲದಾಗ ತಾನ ಹುಟ್ಟಿದ್ದ ಹಕ್ಕರಿಕಿ ಎಲ್ಲಾ ಕಳೆ ಅಂತ ಕಿತ್ತು ಒಗದಾರ! ರೊಟ್ಟಿ ಜೋಡಿ ಹಸೇದ ಕಚ್ಚಿ ತಿನ್ನೋ ಹಕ್ಕರಿಕಿ. ಅದೂ ಒಗರ, ಅದೂ ತಪ್ಪಲ, ರೊಕ್ಕಾನೂ ಕೊಡಬೇಕಾಗಿಲ್ಲ. ಅದ ಅದರ ದೋಷ.

ಮೊದಲ ಪೆಟ್ಟು ಬಿದ್ದಿದ್ದು ನವಲಗುಂದದಿಂದ. ಮಗಾ ಲಗ್ನ ಆದಾಗಿಂದ ಅಪ್ಪ ಫೋನಿನ್ಯಾಗ ಮಾತಾಡಿರಲಿಲ್ಲ. ತಂಗಿ ಮೊಬೈಲಿನ್ಯಾಗ ಗಚ್ಚಿ ಫೋಟೋ ನೋಡಿದ್ದ ತಡ, ತಾವ ಫೋನ್ ಹಚ್ಚಿದ್ರು. ಸ್ಪೀಕರ್ ಮ್ಯಾಲ ಇಟ್ಟಿದ್ದ, ನಮ್ಮ ಅಂಗಳದ ತನಕ ಕೇಳಸ್ತು. ‘ಎಂಟೆಕರೆ ಎರಿ ಹೊಲ ಐತಿ. ನೀ ರೊಕ್ಕಾ ಕೊಟ್ಟು ತೆಂಗಿನ ಜುಬ್ಬರಾ ತಂದು ಬಕೀಟಿನ್ಯಾಗ ಬಿತ್ತೀಯೇನೋ ಮಗನ?’ ಇಷ್ಟು ಬೈಸಿಕೊಂಡ ಮ್ಯಾಲೂ ಹುಡುಗನ ಮಾರಿ ಪೇಡೆ ತಿಂದಂಗಾಗಿತ್ತು. ಅಪ್ಪ ಮಾತಾಡಿದ್ದ ದೊಡ್ಡದು. ಮರುದಿನ ಬಸ್ಸಿನ್ಯಾಗ ಎರಡು ಚೀಲಾ ಎರಿ ಮಣ್ಣು ಬಂತು. ಮಣ್ಣಿಗೆ ಲಗೇಜ್ ಚಾರ್ಜ್ ಕೊಟ್ಟಿದ್ದು ನಮ್ಮ ಓಣಿಯೊಳಗ ಇದ ಮೊದಲು.

ಎರಿ ಮಣ್ಣು ಹೊಲದಾಗ ರಾಜಾ, ಕುಂಡ್ಯಾಗ ಕಷ್ಟ. ನೀರು ಹಾಕಿದ್ರ ಉಬ್ಬತದ, ಒಣಗಿದ್ರ ಬಿರಕು ಬಿಡತದ, ತಳದಾಗಿಂದ ನೀರ ಇಳಿಯಂಗಿಲ್ಲ, ಬೇರು ಕೊಳಿತಾವ. ಹುಬ್ಬಳ್ಳಿಯಿಂದ ಮೂಡಲಕ್ಕ ಹೋದ್ರ ಈ ಕರೇ ಮಣ್ಣು, ಧಾರವಾಡದಿಂದ ಪಡುವಲಕ್ಕ ಹೋದಂಗ ಕೆಂಪು. 1962ರಾಗ ಎರಡೂ ಊರು ಕೂಡಿಸಿ ಒಂದ ಮಹಾನಗರಪಾಲಿಕೆ ಮಾಡಿದ್ರು, 22 ಕಿಲೋಮೀಟರ್ ಚಿಗರಿ ರಸ್ತೆ ಹಾಕಿ ಹೊಲದ್ರು, ಮಣ್ಣು ಮಾತ್ರ ಇನ್ನೂ ತಂದು ತಂದ ಊರಾಗ ಅದ. ನಮ್ಮ ಮ್ಯಾಲಿನ ಮನಿಯವರು ಒಂದು ಪಾಲು ನವಲಗುಂದದ ಕರೇದು, ಒಂದು ಪಾಲು ಕೆಲಗೇರಿ ಕಡೆಯಿಂದ ತಂದ ಕೆಂಪು, ಒಂದು ಪಾಲು ಗೊಬ್ಬರ ಸಲಿಕ್ಯಾಗ ಕೂಡಿಸಿ ಗ್ರೋ ಬ್ಯಾಗಿಗೆ ತುಂಬಿದ್ರು. ಕೂಡಿಸೋವಾಗ ಇಬ್ಬರೂ ಮಣ್ಣ ಮೆತ್ತಿಕೊಂಡಿದ್ರು, ಯಾರದು ಕರೇದು ಯಾರದು ಕೆಂಪು ತಿಳಿಲಿಲ್ಲ.

ಇನ್ನ ಗಿಡಕ್ಕ ಹಾಕೋ ಜೀವಾಮೃತದ ಕಥಿ. ನೈಸರ್ಗಿಕ ಕೃಷಿಯ ಸುಭಾಷ್ ಪಾಳೇಕರ್ ಅವರ ಲೆಕ್ಕ ಎಕರೆಗೆ ಅದ: 200 ಲೀಟರ್ ನೀರು, 10 ಕಿಲೋ ಸೆಗಣಿ, 10 ಲೀಟರ್ ಗಂಜಳ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು. ಇವರು ಎಲ್ಲಾದಕ್ಕೂ ಹತ್ತರ ಭಾಗಾಕಾರ ಮಾಡಿ 20 ಲೀಟರ್ ಡಬ್ಬಿಗೆ ಇಳಿಸಿದ್ರು. ಸೆಗಣಿ ತರಲಿಕ್ಕೆ ಗೌಳ್ಯಾರ ಮನಿಗೆ ಹೋದ್ರ ಅಲ್ಲೆ ಇರೋದೆಲ್ಲಾ ಎಮ್ಮಿ. ‘ದೇಸಿ ಆಕಳದ್ದ ಬೇಕು, ಎಮ್ಮೀದು ನಡಿಯಂಗಿಲ್ಲ’ ಅಂತ ಹುಡುಗಿ ಮೊಬೈಲ್ ತೋರಿಸಿ ಹೇಳಿದ್ಲಂತ. ಗೌಳಿಗ ಬಂತು ಸಿಟ್ಟು. ಬರಲಾರದ ಏನು? ಧಾರವಾಡಿ ಎಮ್ಮಿ ಅಂದ್ರ 2021ರಾಗ ರಾಷ್ಟ್ರಮಟ್ಟದಾಗ ಅಧಿಕೃತ ತಳಿ ಅಂತ ನೋಂದಣಿ ಆದ ಎಮ್ಮಿ. ‘ಇದರ ಹಾಲಿನ ಪೇಡೆ ಬೇಕು, ಸೆಗಣಿ ಬ್ಯಾಡೇನ್ರಿ ಅಕ್ಕಾರ?’ ಅಂದ. ಉತ್ತರ ಇರಲಿಲ್ಲ. ಕಡೀಕ ನಮ್ಮ ಓಣ್ಯಾಗ ತಿರಗಾಡೋ ಒಂದು ಆಕಳದ ಹಿಂದ ಗಂಡಾ ಬುಟ್ಟಿ ಹಿಡಕೊಂಡು, ಹೆಂಡತಿ ತಂಬಿಗಿ ಹಿಡಕೊಂಡು ಮುಂಜಾನೆ ಮುಂಜಾನೆ ಅಡ್ಡಾಡಿದ್ರು. ಭಕ್ತಿ ಅಂತ ತಿಳದು ಮೂಲಿ ಮನಿ ಅಜ್ಜಿ ದೂರದಿಂದನ ಕೈಮುಗದ್ಲು.

ಹಿಟ್ಟು ಅಂತೂ ಮನ್ಯಾಗ ಇತ್ತು. ಮಗಾ ಮಾತಿಗೆ ಸಿಕ್ಕ ಅಂತ ಅವ್ವ ಜುಣಕಾ ಮಾಡಿಕೊಂಡು ತಿನ್ನಲಿ ಅಂತ ತಮ್ಮ ಹೊಲದ ಕಡ್ಲಿ ಬೀಸಿ ಕಳಿಸಿದ್ದ ಹಿಟ್ಟು ಅದು. ಬೆಲ್ಲದ ಜೋಡಿ ಡಬ್ಬಿಗೆ ಬಿತ್ತು. ಎರಡು ದಿನಾ ನೆರಳಾಗ ಇಟ್ಟು ದಿನಕ್ಕೆರಡು ಸಲ ಕೋಲಿನಿಂದ ತಿರವಬೇಕು. ತಿರವಿದಾಗೊಮ್ಮೆ ನಮ್ಮ ಮನಿ ಕಿಡಕಿ ತಾವ ಮುಚ್ಚಿಕೊಳ್ತಿದ್ವು. ‘ಸೂಕ್ಷ್ಮಜೀವಿ ಹುಟ್ಟಲಿಕತ್ತಾವ ಅಂಕಲ್’ ಅಂತ ಅಂವ ಮ್ಯಾಲಿಂದ ಸಮಾಧಾನ ಹೇಳತಿದ್ದ. ಸೂಕ್ಷ್ಮ ಅಂತ ಯಾಕ ಅಂತಾರೋ, ನಮ್ಮ ಮೂಗಿಗೆ ಭಾಳ ದೊಡ್ಡೂವ ಅನಿಸಿದ್ವು.

ನೀರಿನ ಸುದ್ದಿ ಭಾಳ ಹೇಳಂಗಿಲ್ಲ. ನಮ್ಮೂರಾಗ ನಳಾ ಬರೋ ದಿನಾನ ಒಂದು ಹಬ್ಬ ಅನ್ನೋದು ಊರಿಗೆ ಗೊತ್ತು. ಬರೋ ನೀರಾದ್ರೂ ಎಲ್ಲಿಂದು? ಸವದತ್ತಿ ಬಾಜೂಕಿನ ರೇಣುಕಾಸಾಗರದ್ದು, ಮಲಪ್ರಭಾದ್ದು. ಯಲ್ಲಮ್ಮನ ಗುಡ್ಡದ ಬುಡದಾಗಿಂದ ಹತ್ತಿ ಬಂದ ನೀರನ್ನ ಬ್ರೊಕೊಲಿಗೆ ಹಾಕಿದ್ರ ಅದು ತಂದ ಬುದ್ಧಿ ಬಿಡತದೇನು? ಬರೇ ಎಲಿ ಬಿಟ್ಟು ಸುಮ್ಮನ ನಿಂತುಬಿಡ್ತು, ಗಡ್ಡಿ ಕಟ್ಟಲಿಲ್ಲ. ಜುಕಿನಿ ಅಂತೂ ಬೂದಿರೋಗ ಹತ್ತಿ, ಎಲಿ ತುಂಬ ಇಭೂತಿ ಬಡಕೊಂಡು ಹುಡುಗನ ಮನೆತನಕ್ಕ ಸೇರಿಬಿಡ್ತು.

ನವರಾತ್ರಿಗೆ ವಿಜಯಪುರದಿಂದ ಹುಡುಗಿ ಅವ್ವ ಬಂದ್ರು. ಅಪ್ಪನ ಸಿಟ್ಟು ಇಳದಿರಲಿಲ್ಲ, ಅವರು ಬರಲಿಲ್ಲ. ಅಳಿಯ ಕರಕೊಂಡು ಬರಲಿಕ್ಕೆ ಹುಬ್ಬಳ್ಳಿ ಸ್ಟೇಷನ್ನಿಗೆ ಹೋದ. ಸಿದ್ಧಾರೂಢ ಅಜ್ಜನ ಹೆಸರಿನ ಸ್ಟೇಷನ್, ಜಗತ್ತಿನಾಗ ಉದ್ದಂದ್ರ ಉದ್ದ ಪ್ಲಾಟ್‌ಫಾರ್ಮ್ ಅಲ್ಲೆ ಅದ, 1,507 ಮೀಟರ್. ಅತ್ತಿಯವರು ಅದರ ಒಂದು ತುದಿಗೆ ಇಳದ್ರು, ಅಳಿಯ ಇನ್ನೊಂದು ತುದಿಗೆ ನಿಂತಿದ್ದ. ಮುಖಾಮುಖಿ ಆಗಲಾರದ ಅಳಿಯ-ಅತ್ತಿಗೆ ಇದಕ್ಕಿಂತ ಛಲೋ ಜಾಗಾ ರೈಲ್ವೆದವರು ಕಟ್ಟಿಲ್ಲ. ಅವರ ಕೈಯಾಗ ಒಂದು ತುಳಸಿ ಸಸಿ, ತೊಡಿ ಮ್ಯಾಲ ಇಟ್ಟುಕೊಂಡು ವಿಜಯಪುರದಿಂದ ತಂದಿದ್ರು. ಚಿಗರಿ ಬಸ್ಸಿನ್ಯಾಗ ಕಾಲೇಜ್ ಹುಡುಗನೊಬ್ಬ ಎದ್ದು ಸೀಟು ಬಿಟ್ಟನಂತ. ಅತ್ತಿಯವರಿಗೆ ಬಿಟ್ಟನೋ ತುಳಸಿಗೆ ಬಿಟ್ಟನೋ, ಕುಂತವರು ಮಾತ್ರ ಇಬ್ಬರೂ.

ಗಚ್ಚಿ ಹತ್ತಿದವರ ಬೇಸಿಲ್ ಕುಂಡಿ ಮುಂದ ನಿಂತು ಮೂಸಿ ನೋಡಿದ್ರು. ಎಲಿ ಸ್ವಲ್ಪ ಅಗಲ, ವಾಸನಿ ಸ್ವಲ್ಪ ಬ್ಯಾರೆ, ಖರೇ. ಆದ್ರ ಕುಲಾ ಅದ ಅಲ್ಲಾ, ನಮ್ಮ ಕಾಮಕಸ್ತೂರಿ ಮನಿತನದ್ದು. ‘ನನ್ನ ಮಗಳು ಸಂಸ್ಕಾರ ಬಿಟ್ಟಿಲ್ಲ ನೋಡ್ರಿ’ ಅಂತ ನಮ್ಮಾಕಿ ಮುಂದ ಕಣ್ಣಾಗ ನೀರು ತಂದುಕೊಂಡ್ರು. ಅವತ್ತಿಂದ ಇಟಲಿಯ ಬೇಸಿಲ್ಲಿಗೆ ಅರಿಷಿಣ-ಕುಂಕುಮ, ಮುಂಜಾನೆ ದೀಪ, ಐದು ಸುತ್ತು ಪ್ರದಕ್ಷಿಣಿ. ಮಗಳು ತುಟಿ ಪಿಟಕ್ ಅನ್ನಲಿಲ್ಲ. ಒಂದು ದಿನಾ ಅಳಿಯ ಪೆಸ್ಟೊ ಮಾಡೂಣು ಅಂತ ಕತ್ತರಿ ಹಿಡಕೊಂಡು ಹೋಗ್ಯಾನ. ‘ದ್ವಾದಶಿ ದಿನಾ ಹರಿಯಬಾರದು ಅನ್ನೋದು ಗೊತ್ತಿಲ್ಲೇನಪಾ? ಅದೂ ಬೆಳ್ಳೊಳ್ಳಿ ಜೋಡಿ ಅರದು?’ ಅನ್ನೋ ಒಂದ ಮಾತಿಗೆ ಕತ್ತರಿ ಒಳಗ ಹೋತು. ಅವತ್ತು ದ್ವಾದಶಿ ಇರಲಿಲ್ಲ. ನಾ ಪಂಚಾಂಗ ತಗದು ನೋಡಿದೆ, ಬಾಯಿ ತಗಿಲಿಲ್ಲ.

ಈ ನವರಾತ್ರ್ಯಾಗ ಒಂದು ಸ್ಪರ್ಧೆನೂ ನಡೀತು. ಹುಡುಗಿ ಆನ್‌ಲೈನಿನ್ಯಾಗ ಮೈಕ್ರೋಗ್ರೀನ್ಸ್ ಕಿಟ್ ತರಿಸಿದ್ಲು. ಪ್ಲಾಸ್ಟಿಕ್ ತಾಟು, ನಾರಿನ ಹಾಸಗಿ, ಬೀಜ, ಮ್ಯಾಲ ಒಂದು ಎಲ್‌ಇಡಿ ದೀಪ. ವಾರಾ ಹತ್ತು ದಿನದಾಗ ಮೊಳಕಿ ಸಸಿ ಬರ್ತಾವ, ಕತ್ತರಿಸಿ ತಿನ್ನೋದು. ಅದರ ರೇಟಿಗೆ ಲೈನ್ ಬಜಾರದಾಗ ಎಷ್ಟು ಪೇಡೆ ಬರ್ತಿದ್ವು ಅಂತ ನಾ ಲೆಕ್ಕಾ ಹಾಕಿದ್ದೆ, ಹೇಳಂಗಿಲ್ಲ. ಅವ್ವ ಅದ ದಿನಾ ದೇವರ ಮುಂದ ಘಟ್ಟ ಹಾಕಿದ್ರು. ಪತ್ರಾವಳಿ ಮ್ಯಾಲ ಹೊಲದ ಮಣ್ಣು, ಅದೂ ಬೀಗರ ನವಲಗುಂದದ್ದ, ಗೊತ್ತಿಲ್ಲದ ಹಾಕಿದ್ರು. ಅದರಾಗ ಜ್ವಾಳಾ, ಗೋದಿ, ಕಡ್ಲಿ, ಹೆಸರು, ನಡುವ ನೀರಿನ ಗಡಿಗಿ, ಬಾಜೂಕ ನಂದಾದೀಪ, ಮ್ಯಾಲಿಂದ ದಿನಕ್ಕೊಂದು ಮಾಲಿ. 2025ರ ನವರಾತ್ರ್ಯಾಗ ಒಂದು ತಿಥಿ ಎರಡು ದಿನಾ ಬಂದು ಹಬ್ಬ ಒಂದು ದಿನಾ ಹಿಗ್ಗಿತು, ಸಸಿಗೂ ಒಂದು ದಿನಾ ಹೆಚ್ಚಿಗೆ ಸಿಕ್ತು. ದಶಮಿ ಬರೋದರಾಗ ಘಟ್ಟದ ಸಸಿ ಗೇಣುದ್ದ ಬೆಳದು ಬಂಗಾರದ ಬಣ್ಣಾ ತಿರಗಿತ್ತು. ದೇವರ ಖೋಲಿ ಕತ್ತಲ ಇರ್ತದಲ್ಲಾ, ಬೆಳಕು ಸಾಲದ್ದಕ್ಕ ಹಸರು ತುಂಬಂಗಿಲ್ಲ, ಬೆಳಕು ಹುಡಕಲಿಕ್ಕೆ ಸಸಿ ಉದ್ದಕ ಏಳತಾವ. ಹಿರಿಯರು ಅದನ್ನ ನೋಡಿ ಈ ವರ್ಷ ಬೆಳಿ ಹೆಂಗ ಅಂತ ಹೇಳತಿದ್ರು. ಹಿಂಗಾರಿ ಬಿತ್ತಿಗಿ ಮುಂದ ಬೀಜದ ಕಸು ನೋಡೋ ಪರೀಕ್ಷೆನೂ ಆತು, ಪೂಜಾನೂ ಆತು. ಕಿಟ್ಟಿನ ಜೋಡಿ ಬಂದ ಪುಸ್ತಕದಾಗ ಇದೆಲ್ಲಾ ಇರಲಿಲ್ಲ.

ಅಕ್ಟೋಬರ್ 2ಕ್ಕ ದಸರಾ. ಅವ್ವ ಘಟ್ಟದ ಸಸಿ ಕಿತ್ತು ಮಗಳ ತುರಬಿಗೆ ಮುಡಿಸಿದ್ರು, ಅಳಿಯನ ಕಿವಿ ಮ್ಯಾಲ ಇಟ್ರು. ಅಂವ ಒಂದು ಸಸಿ ಕಿವಿ ಮ್ಯಾಲ ಇಟ್ಕೊಂಡು, ಇನ್ನೊಂದು ಸಸಿ ಬ್ರೆಡ್ಡಿನ ಮ್ಯಾಲ ಇಟ್ಕೊಂಡು ನಾಷ್ಟಾ ಮಾಡಿದ. ಸಂಜಿಮುಂದ ಇಬ್ಬರೂ ಕೆಳಗ ಬಂದು ‘ಬನ್ನಿ ತಗೊಂಡು ಬಂಗಾರಧಂಗ ಇರೂಣು’ ಅಂತ ಬನ್ನಿ ಕೊಟ್ಟು ಕಾಲಿಗೆ ಬಿದ್ರು. ಆ ದಿನಾ ಜೀವಾಮೃತದ ವಾಸನಿ ಮಾಫ್ ಮಾಡಿದೆ. ಬನ್ನಿ ಕೊಟ್ಟ ಮ್ಯಾಲ ಸಿಟ್ಟು ಇಟ್ಕೋಬಾರದು ಅಂತ ನಮ್ಮ ಕಡೆ ಪದ್ಧತಿ ಅದ. ಮರುದಿನದಿಂದ ಇಟ್ಕೋಬಹುದು.

ಅತ್ತಾಗ ಹುಡುಗಿ ಅವ್ವ ವಿಜಯಪುರದ ಗಾಡಿ ಹತ್ತಿದ್ರು, ಇತ್ತಾಗ ಶೀಗಿ ಹುಣ್ಣಿಮಿಗೆ ಹುಡುಗನ ಅವ್ವ ನವಲಗುಂದದಿಂದ ಬಂದ್ರು. ಬೀಗತೇರು ಎದುರಾಬದುರಾ ಆಗಲಾರದಂಗ ಮಕ್ಕಳು ಟೈಮ್‌ಟೇಬಲ್ ಹಾಕಿದ್ರು ಅಂತ ನನಗ ಅನುಮಾನ. ಶೀಗಿ ಹುಣ್ಣಿಮಿ ಅಂದ್ರ ಒಕ್ಕಲಿಗರಿಗೆ ದೊಡ್ಡ ಹಬ್ಬ. ಬೆಳಿ ಹೊಟ್ಟಿಲೆ ಇರ್ತದ, ಭೂಮಿತಾಯಿಗೆ ಬಯಕಿ ಊಟ ಹಾಕಬೇಕು. ಎಳ್ಳು ಹಚ್ಚಿದ ರೊಟ್ಟಿ, ಕಡಬು, ಬದನಿಕಾಯಿ, ಪುಂಡಿಪಲ್ಯ ಕಟಗೊಂಡು ಹೊಲಕ್ಕ ಹೋಗಿ, ಐದು ಕಲ್ಲಿಟ್ಟು ಪಾಂಡವರು ಅಂತ ಪೂಜಾ ಮಾಡಿ, ಚರಗ ಚೆಲ್ಲಿ ಉಣ್ಣೋದು. ಆ ದಿನಾ ಸೊಸಿಗೆ ಮೀಟಿಂಗು, ಮಗಗ ರಜಾ ಇಲ್ಲ. ‘ಹೊಲಕ್ಕ ನೀವು ಬರಾಕ ಆಗದಿದ್ರ ಹೊಲಾನ ಇಲ್ಲಿ ಐತಲ್ಲ’ ಅಂದವರ ಅವ್ವ ಬುತ್ತಿ ಹೊತ್ತುಕೊಂಡು ಗಚ್ಚಿ ಹತ್ತಿದ್ರು.

ನೋಡಬೇಕಿತ್ತು ನೀವು. ನೀರಿನ ಟಾಕಿ ನೆರಳಾಗ ಐದು ಕಲ್ಲು, ಸುಣ್ಣಾ ಹಚ್ಚಿದ್ದು. ಮುಂದ ಬದನಿ ಗಿಡಾ, ಆಗಷ್ಟ ನೇರಳಿ ಹೂ ಬಿಟ್ಟಿತ್ತು. ಅದಕ್ಕ ಹಸರು ಖಣಾ ಏರಿಸಿ, ಹಸರು ಬಳಿ ಇಟ್ಟು, ಉಡಿ ತುಂಬಿದ್ರು. ಗ್ರೋ ಬ್ಯಾಗಿಗೆ ಸೀಮಂತ! ಸೊಸಿ ಕಿವ್ಯಾಗ ಇಯರ್‌ಫೋನ್ ಹಾಕ್ಕೊಂಡು, ಕ್ಯಾಮರಾ ಬಂದ್ ಮಾಡಿ, ಮೀಟಿಂಗಿನ್ಯಾಗ ಇದ್ದುಕೊಂಡನ ಆರತಿ ಹಿಡದಿದ್ಲು. ಅವ್ವ ಚರಗದ ಬುಟ್ಟಿ ಎತ್ತಿ, ನಾಕೂ ದಿಕ್ಕಿಗೆ ಚೆಲ್ಲಿಕೋತ ‘ಹುಲಿಗ್ಯೋ’ ಅಂತ ಹೊಲದಾಗ ಕೂಗೋ ದನೀಲೆ ಕೂಗಿದ್ರು. ಎಂಟೆಕರೆಗೆ ಮುಟ್ಟೋ ದನಿ ಅದು. ಮಾಳಮಡ್ಡಿ ರೈಲ್ವೆ ಗೇಟಿನ ತನಕ ನಾಯಿ ಎಲ್ಲಾ ಒಮ್ಮೆ ಎದ್ದು ನಿಂತ್ವು. ಬೆಂಗಳೂರಿನ ಮೀಟಿಂಗಿನ್ಯಾಗ ಯಾರೋ ‘ಈಸ್ ಎವ್ರಿಥಿಂಗ್ ಓಕೆ?’ ಅಂತ ಕೇಳಿದ್ರಂತ. ಮೈಕ್ ಬಂದ್ ಮಾಡೋದು ಮರತಿದ್ಲು. ‘ನೆಟ್‌ವರ್ಕ್ ಪ್ರಾಬ್ಲಮ್’ ಅಂದ್ಲಂತ. ಚರಗಕ್ಕ ಓಣಿ ಪಾರಿವಾಳ ಎಲ್ಲಾ ಬಂದು ಕೂತ್ವು. ಜ್ವಾಳದ ಬಾನದ ಜೋಡಿ ಬಿತ್ತಿದ್ದ ಆರುಗುಲಾ ಬೀಜಾನೂ ಬಿಡದ ಹೆಕ್ಕಿದ್ವು.

ಅವ್ವ ಊರಿಗೆ ಹೋಗತೇನಿ ಹೋಗತೇನಿ ಅಂತ ಇಲ್ಲೆ ಉಳದ್ರು. ಬಂದಾಗಿಂದ ಗಚ್ಚಿ ಕಾರಭಾರ ಅವರದ್ದ. ಬ್ರೊಕೊಲಿ ಕಿತ್ತು ಮೆಂತೆ ಬಿತ್ತಿದ್ರು. ಸೋಮವಾರದ ಪೂಜಾಕ್ಕ ಪತ್ರಿ ಬೇಕಂತ ಬಿಲ್ವದ ಸಸಿ ತರಿಸಿದ್ರು. ಬೀಗತಿ ಬಿಟ್ಟು ಹೋದ ತುಳಸಿಗೆ ಮೊದಲ ನಾಕು ದಿನಾ ದೂರಿಂದ ನೀರು ಹಾಕಿದ್ರು, ಐದನೇ ದಿನಕ್ಕ ಅದರ ಜೋಡಿ ಸುಖಾ ದುಃಖಾ ಮಾತಾಡಲಿಕ್ಕೆ ಹತ್ತಿದ್ರು. ಪಾಪ, ಸೊಸಿ ಲ್ಯಾಪ್‌ಟಾಪಿನ ಮುಂದ ಇರ್ತಾಳ, ತುಳಸಿ ಅರ ಸಿಗತದಲ್ಲಾ.

ಇನ್ನ ಫಸಲಿನ ಲೆಕ್ಕಾ. ಸೀಮಂತದ ಫಲ ಅಂತ ಬದನಿ ಗಿಡಾ ದೀಪಾವಳಿ ಹೊತ್ತಿಗೆ ಕಾಯಿ ಬಿಡ್ತು. ಮೊದಲನೇದ್ದು ದೇವರಿಗೆ. ಯಾವ ದೇವರಿಗೆ ಅಂತ ಪ್ರಶ್ನೆ ಎದ್ದು, ಒಂದು ಸಿದ್ಧಾರೂಢ ಮಠದ ದಾಸೋಹಕ್ಕ ಹೋತು, ಒಂದು ರಾಯರ ಮಠದ ಅಡಿಗಿ ಮನಿಗೆ ಹೋತು. ಅಲ್ಲೆ ಸಾವಿರ ಮಂದಿ ಸಾರಿನ್ಯಾಗ ಆ ಒಂದು ಕಾಯಿ ಏನಾತು ಅಂತ ದೇವರಿಗೆ ಗೊತ್ತಿರಬೇಕು, ಅವರಿಗೇ ಕೊಟ್ಟಿದ್ದಲ್ಲಾ. ಒಂದು ನಾದಿನಿಗೆ. ಒಂದು ಮನಿ ಮಾಲಕರು ಅಂತ ನಮಗ. ಸುಳ್ಳ ಯಾಕ ಹೇಳಬೇಕು, ಎಣ್ಣಿಗಾಯಿ ಛಲೋ ಆಗಿತ್ತು. ಚೆರ್ರಿ ಟೊಮ್ಯಾಟೊ ನೈವೇದ್ಯಕ್ಕ ನಡೀತದೋ ಇಲ್ಲೋ ಅಂತ ವಾದ ಆಗೋದರಾಗ ಅಳಲಿ ತಿಂದು ತೀರ್ಪು ಕೊಟ್ಟಿತ್ತು. ‘ನಾವ ಬೆಳಿಯೋದು’ ಅಷ್ಟ ಉಳದಿತ್ತು, ‘ನಾವ ತಿನ್ನೋದು’ ಇನ್ನೂ ಶುರು ಆಗಿರಲಿಲ್ಲ.

ಮೊದಲನೇ ದೀಪಾವಳಿಗೆ ಅಳಿಯನ್ನ ಮಾವ ಕರೀಬೇಕು. ಎಣ್ಣಿ ನೀರು, ಹೊಸಾ ಅರಿವಿ, ತಾಟಿನ ಸುತ್ತ ರಂಗೋಲಿ, ಎಲ್ಲಾ ಆಗಬೇಕು. ವಿಜಯಪುರದಿಂದ ಅಪ್ಪನ ಫೋನ್ ಬರಲಿಲ್ಲ. ಹುಡುಗಿ ಎರಡು ದಿನಾ ಗಚ್ಚಿ ಮ್ಯಾಲ ಸುಮ್ಮನ ಕಳೆ ಕಿತ್ತಿಕೋತ ಕೂತಿದ್ಲು. ಕಳೆ ಅಂದ್ರ ಮತ್ತ ಕಳೆ ಅಲ್ಲ, ಉತ್ತರಾಣಿ. ಸೀರಿಗೆ, ಲುಂಗಿಗೆ ಅಂಟಿಕೊಂಡು ಮನಿ ಮನಿ ತಿರಗೋ ಗಿಡಾ. ಪಾಡ್ಯದ ಮುಂಜಾನೆ ಸೆಗಣಿ ಪಾಂಡವರನ್ನ ಮಾಡಿ ಬಾಗಲಾಗ ಇಟ್ಟು, ಅವರ ತಲಿಗೆ ಚೆಂಡುಹೂವು, ಉತ್ತರಾಣಿ ಕಡ್ಡಿ ಸಿಗಸಬೇಕು. ಇಡೀ ಓಣ್ಯಾಗ ಎಲ್ಲಾರ ಅಂಗಳಕ್ಕೂ ಫರಸಿ ಹಾಕ್ಯಾರ, ಉತ್ತರಾಣಿ ಎಲ್ಲಿಂದ ಬರಬೇಕು? ಗೊತ್ತಾತು ನೋಡ್ರಿ ಗಚ್ಚಿ ಮ್ಯಾಲ ಅದ ಅಂತ. ಮುಂಜಾನೆ ಆರಕ್ಕ ನಮ್ಮ ಪಾವಟಿಗಿ ಮ್ಯಾಲ ಸಾಲು ಹಚ್ಚಿದ್ರು. ಇಟಲಿ, ಅಮೆರಿಕಾದ ಬೀಜ ಬಿತ್ತಿದ ತ್ವಾಟದಾಗ ಮಂದಿಗೆ ಉಪಯೋಗ ಬಿದ್ದಿದ್ದು ಯಾರೂ ಬಿತ್ತದ ಹುಟ್ಟಿದ್ದ ಅದೊಂದ. ಬಂದವರು ಸುಮ್ಮನ ಹೋಗತಾರೇನು? ‘ಯಾರವಾ ನೀ? ಯಾವೂರು? ತವರಮನಿಗೆ ಹೋಗಿಲ್ಲೇನು ಹಬ್ಬಕ್ಕ?’ ಅಂತ ಎಲ್ಲಾರೂ ಕೇಳಿದ್ರು. ನವಲಗುಂದದ ಅವ್ವ ಅಷ್ಟೂ ಕೇಳಿಸಿಕೊಂಡ್ರು. ಮಧ್ಯಾಹ್ನ ಸೊಸಿ ಮೊಬೈಲ್ ಇಸಕೊಂಡು ವಿಜಯಪುರಕ್ಕ ತಾವ ಫೋನ್ ಹಚ್ಚಿದ್ರು. ಏನು ಮಾತಾಡಿದ್ರೋ ಗೊತ್ತಿಲ್ಲ, ಖೋಲಿ ಬಾಗಲಾ ಹಾಕ್ಕೊಂಡಿದ್ರು. ಹೊರಗ ಬಂದು ಅಂದಿದ್ದು ಇಷ್ಟ: ‘ತುಳಸಿ ಲಗ್ನ ಗಚ್ಚಿ ಮ್ಯಾಲ ಐತಿ. ಬೀಗರೆಲ್ಲಾ ಬರಾಕತ್ತಾರ.’

ನವಲಗುಂದದ ಅವರ ಮನ್ಯಾಗ ತುಳಸಿ ಲಗ್ನದ ಪದ್ಧತಿನ ಇರಲಿಲ್ಲ ಅಂತ ಆಮ್ಯಾಲ ತಿಳೀತು.

ನವೆಂಬರ್ 2, ರವಿವಾರ. ಸ್ಟೀಲ್ ಡಬ್ಬಿಯೊಳಗ ಬಾಳಕೃಷ್ಣನ್ನ ಕೂಡ್ರಿಸಿಕೊಂಡು ವಿಜಯಪುರದ ಅವ್ವ ಬಂದ್ರು. ಹಿಂದ ಗಂಟು ಮಾರಿ ಹಾಕ್ಕೊಂಡು ಅಪ್ಪಾನೂ ಬಂದ್ರು. ನವಲಗುಂದದ ಅಪ್ಪ ಹೆಗಲ ಮ್ಯಾಲ ಕಬ್ಬಿನ ಹೊರಿ, ಕೈಯಾಗ ಕಾಯಿ ಸಮೇತ ನೆಲ್ಲಿ ಟೊಂಗಿ, ಹುಣಸಿ ಟೊಂಗಿ ಹಿಡಕೊಂಡು ಬಂದ್ರು. ನಾಕು ಕಬ್ಬು ಕಟ್ಟಿ ಮಂಟಪ ಆತು. ಅಲ್ಲಿಂದ ಶುರು ಆತು ನೋಡ್ರಿ.

‘ಕೃಷ್ಣ ನಮ್ಮಾಂವ. ಅಂದ ಮ್ಯಾಲ ನಾವು ವರನ ಕಡೆಯವರು’ ಅಂತ ವಿಜಯಪುರದ ಅವ್ವ ಸೆರಗು ಹೊದಕೊಂಡು ಚಾಪಿ ಮ್ಯಾಲ ಕೂತ್ರು. ವರ್ಷ ಆಗಲಿಕ್ಕೆ ಬಂತು ಹೆಣ್ಣಿನ ತಾಯಿ ಆಗಿ ಬಾಯಿ ಮುಚ್ಚಿಕೊಂಡಿದ್ದವರು. ‘ದಿನಾ ನೀರು ಹಾಕಿ ಬೆಳಸೇನಿ, ಹುಡುಗಿ ನಮ್ಮಾಕಿ’ ಅಂತ ನವಲಗುಂದದ ಅವ್ವ ತುಳಸಿ ಕಡೆ ನಿಂತ್ರು. ಗಂಡಿನ ಅವ್ವ ಹೆಣ್ಣಿನವರಾದ್ರು, ಹೆಣ್ಣಿನ ಅವ್ವ ಗಂಡಿನವರಾದ್ರು. ಇದಿರುಗೊಳ್ಳಲಿಕ್ಕೆ ಪಾವಟಿಗಿ ತನಕ ಯಾರೂ ಬರಲಿಲ್ಲ ಅಂತ ಒಂದು ತಕರಾರು. ವರಗ ಜರತಾರಿ ಅರಿವಿ ತರಲಿಲ್ಲ ಅಂತ ಇನ್ನೊಂದು. ಹುಡುಗಿಗೆ ತಾಳಿ ಯಾರ ಕಡೇದು, ಎರಡು ಬಟ್ಟಲದ್ದೋ ಒಂದೋ ಅಂತ ಮತ್ತೊಂದು. ಪಾನಕಕ್ಕ ಯಾಲಕ್ಕಿ ಕಡಿಮಿ ಆತು ಅಂತ ಬೀಗರ ಕಡೆಯಿಂದ ಖಾಯಂ ಇರೋದೂ ಬಂತು. ರಜಿಸ್ಟ್ರಾರ್ ಆಫೀಸಿನ್ಯಾಗ ಆಗದ ಉಳದಿದ್ದ ಜಗಳಾ ಒಂದೂ ಬಿಡದ, ಬಡ್ಡಿ ಸಮೇತ, ನಮ್ಮ ಗಚ್ಚಿ ಮ್ಯಾಲ ಆದ್ವು. ಖರೇ ಗಂಡಾ ಹೆಂಡ್ತಿ ಇಬ್ಬರೂ ಟಾಕಿ ಬಾಜೂಕ ಕೂತು ಕಬ್ಬು ಸುಲಕೊಂಡು ತಿನ್ನಲಿಕತ್ತಿದ್ರು. ಗಚ್ಚಿ ಮ್ಯಾಲ ಅವರು ಏನರ ತಿಂದಿದ್ದು ನಾ ನೋಡಿದ್ದು ಅವತ್ತ ಮೊದಲು.

ಅಂತರಪಟ ಹಿಡಿಯಲಿಕ್ಕೆ ಇಬ್ಬರು ಬೇಕಾತು. ಗಂಡಸರು ಅಂತ ಖಾಲಿ ಕೂತವರು ಇಬ್ಬರು ಅಪ್ಪಂದ್ರು. ಒಂದು ತುದಿ ನವಲಗುಂದ, ಒಂದು ತುದಿ ವಿಜಯಪುರ. ಮಂಗಳಾಷ್ಟಕ ಮುಗಿಯೋ ತನಕ ಒಬ್ಬರು ಕಬ್ಬು ನೋಡ್ಕೋತ, ಒಬ್ಬರು ಮಾಡ ನೋಡ್ಕೋತ ನಿಂತಿದ್ರು. ಅಕ್ಷತಿ ಬಿತ್ತು, ಅಂತರಪಟ ಸರಿಸಿದ್ರು. ಈಗ ಅದನ್ನ ಮಡಚಬೇಕಲ್ಲಾ? ಉದ್ದನ್ನ ಧೋತರಾ ಮಡಚಬೇಕಂದ್ರ ಹಿಡದವರಿಬ್ಬರೂ ಒಬ್ಬರ ಕಡೆ ಒಬ್ಬರು ನಡಕೋತ ಬರಬೇಕು. ಬಂದ್ರು. ಮೂರನೇ ಮಡಚಿಗೆ ವಿಜಯಪುರದವರು ಗಂಟಲಾ ಸರಿ ಮಾಡಿಕೊಂಡು, ‘ಈ ವರ್ಷ ಕಡ್ಲಿ ಹೆಂಗ ಅದ್ರಿ?’ ಅಂದ್ರು. ‘ಚಿತ್ತಿ ಮಳಿ ಅಡ್ಡ ಹೊಡೀತ್ರಿ, ಮತ್ತೊಮ್ಮೆ ಬಿತ್ತೇವಿ. ಬರ್ರಿ ಒಮ್ಮೆ, ನೋಡಿದ್ರ ತಿಳೀತೈತಿ’ ಅಂದ್ರು ಇವರು. ಆಮ್ಯಾಲ ಇಬ್ಬರೂ ಬದನಿ ಗಿಡದ ಮುಂದ ಕುಕ್ಕರಗಾಲಿಲೆ ಕೂತು, ಹುಡುಗೂರು ಗೊಬ್ಬರಾ ಜಾಸ್ತಿ ಹಾಕ್ಯಾರ ಅನ್ನೋದರಾಗ ಒಂದಾದ್ರು.

ಊಟಕ್ಕ ಬುಂದೇ ಉಂಡಿ ಇತ್ತು. ಮೂರು ಮಂದಿ ಸಾಕ್ಷಿ ಬೇಕಂದ್ರ ಮೂವತ್ತು ಮಂದಿ ಉಂಡ್ರು. ಕೈ ತೊಳಕೊಂಡು ನಾ ಹುಡುಗನ್ನ ಬಾಜೂಕ ಕರದೆ. ‘ನೋಡಪಾ, ಅಗ್ರಿಮೆಂಟ್ 11 ತಿಂಗಳದ್ದದ, ಅದರಾಗ ಇರೋರು ಗಂಡಾ ಹೆಂಡ್ತಿ ಇಬ್ಬರ ಅಂತ ಬರದದ. ಈಗ ಗಚ್ಚಿ ಮ್ಯಾಲ ಇನ್ನೊಂದು ಜೋಡಿ ಸಂಸಾರ ಹೂಡ್ಯದ. ನೀರು, ಲೈಟು ಎಲ್ಲಾ ಬ್ಯಾರೆ ಲೆಕ್ಕಾ ಬರ್ತದ...’ ಅಂತ ಇನ್ನೂ ಬಾಡಗಿ ಮಾತಿಗೆ ಬರೋದಿತ್ತು, ಹಿಂದಿಂದ ನಮ್ಮಾಕಿ ಬಂದು ಬಾಯಿಗೆ ಇಡೀ ಉಂಡಿ ತುರಕಿದ್ಲು.